ಗೊರಿಜಿಯಾದಿಂದ ಬಂದ ಮೇಲೆ

ಸಾಗರದ ಈ ಗಂಧದ ಧೂಳಿನಲ್ಲಿ ಕೂತು
ಮತ್ತೆ ಉಳಿ ಹಿಡಿದಿದ್ದೇನೆ. ಬೆರಳ ಸಂದಿಗೆ ಇನ್ನೂ
ಆ ಊರಿನ ಚಳಿ. ವಾಮನ ಮಾಮ ಕೇಳುತ್ತಾನೆ:
"ಪ್ರದರ್ಶನ ಪ್ರದರ್ಶನ ಅಂತ ಹೋದೆಯಲ್ಲ,
ಯಾವ ದೇಶಕ್ಕೆ, ಸರಿಯಾಗಿ ಹೇಳು."

ಹೇಗೆ ಹೇಳಲಿ. ಮಲಗಿದ್ದು ಒಂದರಲ್ಲಿ,
ಹಲ್ಲುನೋವಿನ ಗುಳಿಗೆ ತಂದದ್ದು ಇನ್ನೊಂದರಲ್ಲಿ.
ರೈಲು ನಿಲ್ದಾಣದ ಮುಂದೊಂದು ಬಯಲು,
ನಟ್ಟನಡುವೆ ನೆಲದಲ್ಲಿ ದುಂಡನೆಯ ಬಿಲ್ಲೆ, ಅತ್ತಿತ್ತ ಗೆರೆ.
ಒಂದು ಕಾಲು ಅಲ್ಲಿ, ಒಂದು ಇಲ್ಲಿ ಇಟ್ಟು
ಫೋಟೋ ತೆಗೆಸಿಕೊಂಡೆ, ಎಲ್ಲರ ಹಾಗೆ.
ಆಮೇಲೆ ನಾಚಿಕೆಯಾಯಿತು.

ಕೋಣೆ ಕೊಟ್ಟ ಮುದುಕಿಯ ಹೆಸರು ನೀವೆಸ್.
ಕೇಳಿದಾಗ "ನೀವೇ" ಎಂದ ಹಾಗೆ ಕೇಳಿಸಿ ನಕ್ಕೆ;
ಯಾಕೆಂದು ತಿಳಿಯದೆ ಅವಳೂ ನಕ್ಕಳು.
ಬೆಕ್ಕಿಗೆ ಒಂದು ಭಾಷೆ, ರೊಟ್ಟಿಯಂಗಡಿಗೆ ಒಂದು,
ಚಿಲ್ಲರೆ ಎಣಿಸುವಾಗ ಮಾತ್ರ ಅವಳ ಅಜ್ಜಿಯ ಜರ್ಮನ್.
ಅವಳು ಹುಟ್ಟಿದ ವರುಷ ಯಾರೋ ಸುಣ್ಣದಲ್ಲಿ
ಅಂಗಳಕ್ಕೆ ಗೀಟೆಳೆದು ಹೋದರಂತೆ.
ಬೆಳಗಾದರೆ ಹಸು ಒಂದು ದೇಶ,
ಹಾಲಿನ ಚೊಂಬು ಇನ್ನೊಂದು.

ಮಾಮ ನಗಲಿಲ್ಲ. ಹೊಟ್ಟು ಊದಿ
"ನಾವು ಉಳಿ ಎಣಿಸುವುದು ಯಾವುದರಲ್ಲಿ?" ಎಂದ.
ಏಕ್, ದೋನ್, ತೀನ್.
ಗೋವೆ ಬಿಟ್ಟು ಎಷ್ಟು ತಲೆಮಾರಾಯಿತೋ,
ಲೆಕ್ಕ ಮಾತ್ರ ಜೊತೆಗೆ ನಡೆದು ಬಂದಿದೆ.
ಜಗಳ ಪೂರಾ ಕನ್ನಡದ್ದು.
ಅಳೆಯುವ ಗಜ ಎಲ್ಲಿಂದ ಬಂತೋ, ಕೇಳಿದವರಿಲ್ಲ.

ಅಲ್ಲಿ ಒಂದು ಹಳೇ ಬಾಗಿಲ ಮೇಲೆ
ಕಬ್ಬಿಣದ ಹಕ್ಕಿ. ಎರಡು ತಲೆ.
ಯಾವ ಅರಸನದೋ; ಅವನಿಲ್ಲ, ತುಕ್ಕು ಇದೆ.
ಕತ್ತು ನೋಯುವ ತನಕ ನಿಂತೆ.
ಕೆಳದಿಯ ಗುಡಿಯಲ್ಲಿ, ಶಾಲೆ ತಪ್ಪಿಸಿದ ಮಧ್ಯಾಹ್ನ,
ತಣ್ಣನೆ ಕಲ್ಲಿನ ಮೇಲೆ ಅಂಗಾತ ಮಲಗಿ ನೋಡಿದ
ಸೂರಿನ ಗಂಡಭೇರುಂಡ
ಇಷ್ಟು ದೂರ ಹಾರಿ ಬಂತೇ ಎನಿಸಿತು.
ಮುದುಕಿಗೆ ಇದನ್ನು ಹೇಳಲು ಮಾತಿಲ್ಲ.
ಎರಡು ಮುಷ್ಟಿ ಕಟ್ಟಿ ಕತ್ತಿನ ಅಕ್ಕಪಕ್ಕ ಹಿಡಿದೆ.
ಅವಳೂ ಹಾಗೇ ಹಿಡಿದಳು.
ನಡುಬೀದಿಯಲ್ಲಿ ನಮ್ಮಿಬ್ಬರಿಗೆ ಆರು ತಲೆ,
ಸೈಕಲ್ ಹುಡುಗನೊಬ್ಬ ಬೆಲ್ ಹೊಡೆದು ಬಳಸಿ ಹೋದ.

ಈಗ ಅದನ್ನೇ ಕೆತ್ತುತ್ತಿದ್ದೇನೆ, ಅಂಗೈಯಗಲದ ಗಂಧದಲ್ಲಿ;
ಅಂಚೆಯಲ್ಲಿ ಕಳಿಸುವುದಕ್ಕೆ.
ಕೊರಳು ಕವಲೊಡೆಯುವ ಜಾಗದಲ್ಲೇ ಗಂಟು,
ಅಲ್ಲಿ ಉಳಿ ಜಾರುತ್ತದೆ.
"ಹೊಡೆಯಬೇಡ," ಎನ್ನುತ್ತಾನೆ ಮಾಮ,
"ಎಳೆ ಯಾವ ಕಡೆ ಹೋಗಿದೆ, ಮೊದಲು ನೋಡು."

ಬೆಳಕಿಗೆ ಹಿಡಿದು ನೋಡಿದೆ.
ಎರಡೂ ಕಡೆ ಹೋಗಿದೆ.

ಅಷ್ಟರಲ್ಲಿ ಟೀ ಬಂತು.