ಹಿತಕಿದ ಬೇಳೆ

ಸೊಂಟ ಹಿಡಿದದ್ದು ಬಸ್ಸಿನಲ್ಲಲ್ಲ,
ಡಿಪೋದಲ್ಲಿ, ಚಿಲ್ಲರೆ ಎಣಿಸಿ ಏಳುವಾಗ.
ಮದ್ದೂರು, ಮಂಡ್ಯ, ಮತ್ತೆ ಮದ್ದೂರು
ಹನ್ನೆರಡು ವರ್ಷ ನಿಂತೇ ಟಿಕೆಟ್ ಹರಿದವಳು
ಕೂತದ್ದಕ್ಕೆ ದಂಡ ಕಟ್ಟಿದೆ.

ಅತ್ತೆ ಹರಳೆಲೆ ಬಾಡಿಸಲು ಹೊರಟರು.
‘ಎರಡು ದಿನ ಶಾಖ ಬೇಡ, ತಣ್ಣಗಿಡಿ’
ಅಂದಿದ್ದಳು ಆಸ್ಪತ್ರೆಯ ಹುಡುಗಿ.
‘ತಣ್ಣಗಿಟ್ರೆ ಸೊಂಟಕ್ಕೆ ಶೀತ ಆಗಾಕಿಲ್ವೇನವ್ವ?’

ಐಸಿನ ಟ್ರೇ ಎಂದೋ ಒಡೆದಿತ್ತು.
ಫ್ರೀಜರಿನಲ್ಲಿ ಸಿಕ್ಕಿದ್ದು ಒಂದೇ:
ಅವರೆಕಾಯಿ ಕಾಲದಲ್ಲಿ
ಅತ್ತೆ ರಾತ್ರಿಯೆಲ್ಲ ಹಿತಕಿ
ಹೆಬ್ಬೆರಳು ಊದಿಸಿಕೊಂಡು
ಮಗಳು ಚೆಲುವಿ ಬಂದಾಗಲೆಂದು ಮುಚ್ಚಿಟ್ಟ
ಸೇರು ಬೇಳೆ.

ಹಳೇ ಟವೆಲಿನಲ್ಲಿ ಸುತ್ತಿಸಿಕೊಂಡು ಬೋರಲು ಮಲಗಿದೆ.
ಮೊದಲು ಚುರುಕು, ಆಮೇಲೆ ಉರಿ,
ಆಮೇಲೆ ಬೆನ್ನೇ ನನ್ನದಲ್ಲದ ಹಾಗೆ
ಒಂದು ಜೋಮು.
ಕಾಳುಗಳು ಒಂದನ್ನೊಂದು ಬಿಟ್ಟು
ಬೆನ್ನಿನ ತಗ್ಗಿಗೆ ಸರಿದು ಕೂತವು,
‘ಒಳಕ್ಕೆ ಹೋಗಿ, ಒಳಕ್ಕೆ’ ಅಂದಾಗ
ಗೊಣಗುತ್ತಲೇ ಜರುಗುವ
ಸೋಮವಾರದ ಜನರಂತೆ.

ಇಪ್ಪತ್ತೇ ನಿಮಿಷ ಎಂದಿದ್ದೆ.
ಅತ್ತೆ ಗಡಿಯಾರ ನೋಡಲಿಲ್ಲ.
ಟವೆಲಿನಡಿ ಎರಡು ಬೆರಳು ತೂರಿಸಿ
ಮುಟ್ಟಿದರು, ನನ್ನ ಬೆನ್ನನ್ನೋ ಬೇಳೆಯನ್ನೋ.
‘ಬುಡ್ತಾ ಅದೆ’ ಅಂದರು.

ಒಮ್ಮೆ ಬಿಟ್ಟ ಬೇಳೆ ಮತ್ತೆ ಗಟ್ಟಿಯಾದರೆ
ರುಚಿ ಕೆಡುತ್ತದೆ, ಇಬ್ಬರಿಗೂ ಗೊತ್ತು.
ಆದರೂ ಸಂಜೆಗಿರಲಿ, ನಾಳೆಗಿರಲಿ ಎಂದು
ಅವರೇ ಒಳಗಿಟ್ಟು
ಅಂಟಿಕೊಳ್ಳದ ಆ ಬಾಗಿಲನ್ನು
ಮೊಣಕೈಯಲ್ಲಿ ಒತ್ತಿದರು.

‘ಮತ್ತೆ ಚೆಲುವಿಗೆ?’
‘ಅವ್ಳಿಗೆ ಹುಳ್ಳಿ ಸಾರು.’