ಅಕ್ಷರಕ್ಕೆ ನಲವತ್ತು

ನಗರ್ತಪೇಟೆಯ ನಮ್ಮ ಅಂಗಡಿಗೆ
ಕುಕ್ ಟೌನಿನಿಂದ ಆಟೋ ಹಿಡಿದು ಬಂದವಳು
ಮಾರಿಸೆಲ್. ಮನೆಬಾಗಿಲಿಗೆ ಹಿತ್ತಾಳೆ ಫಲಕ ಬೇಕಂತೆ.
ಚೀಟಿಯಲ್ಲಿ ಇಂಗ್ಲಿಷಿನ ಏಳಕ್ಷರ.
"ಮೊದಲಿನ ಎಚ್ಚನ್ನು ಬರೀಬೇಕು, ಅನ್ನಬಾರದು.
ಎರ್ರೇರಾ, ಅಷ್ಟೇ" ಅಂದಳು.
ಅನ್ನದ ಅಕ್ಷರಕ್ಕೂ ನಲವತ್ತೇ ರೂಪಾಯಿ,
ಅಪ್ಪ ತಲೆ ಎತ್ತದೆ ಹೇಳಿದ.

ಅರ್ಥ ಕೇಳಿದೆ. ಹೆಸರು ಕೆತ್ತುವವಳು ನಾನು,
ಅರ್ಥ ಕೇಳುವುದು ಚಟ, ಬಿಲ್ಲಿಗೆ ಸೇರುವುದಿಲ್ಲ.
ಸ್ಪೇನಿನ ಮಾತಲ್ಲಿ ಅದು ಕುಲುಮೆಯಂತೆ.
ಬಹಳ ಹಿಂದೆ ಫೆರ್ರೇರಾ;
ಬಾಯಿಂದ ಬಾಯಿಗೆ ಫ ಸವೆದು ಬರೀ ಉಸಿರಾಗಿ
ಉಸಿರೂ ಹೋಗಿ ಗುರುತು ಮಾತ್ರ ಉಳಿಯಿತು,
ಮೊಳೆ ಕಿತ್ತ ಗೋಡೆಯ ತೂತಿನ ಹಾಗೆ.

ನಂಗೆ ನಗು ಬಂತು.
ಪೆಸರ್ ಇದ್ದದ್ದು ಹೆಸರಾಯಿತು ನಮ್ಮಲ್ಲಿ,
ಮಳವಳ್ಳಿಯ ಅಜ್ಜಿ ಆ ಹ-ವನ್ನೂ ಬಿಟ್ಟು
"ನಿನ್ನ ಎಸರೇನವ್ವಾ" ಅಂತ ಬಂದವರನ್ನ ಕೇಳುತ್ತಿದ್ದಳು,
ಒಲೆಯ ಮೇಲೆ ಇನ್ನೊಂದು ಎಸರು ಕುದಿಯುತ್ತಿರುವಾಗ.
ಎಲ್ಲಿಯ ಮಳವಳ್ಳಿ, ಎಲ್ಲಿಯ ಸ್ಪೇನು!
ಸೋಮಾರಿ ನಾಲಿಗೆಗೆ ಮಾತ್ರ ಒಂದೇ ಊರು.

"ಹಾಗಾದರೆ ನೀವೂ ಕಮ್ಮಾರರೇ?"
ನೆಂಟಸ್ತಿಕೆ ಸಿಕ್ಕಿತೆಂದೇ ಕೇಳಿದೆ.
ಅಲ್ಲವಂತೆ. ಸ್ಪೇನಿನವರೂ ಅಲ್ಲವಂತೆ.
ಫಿಲಿಪೀನ್ಸಿನ ಕಡಲಂಚಿನ ಮೀನುಗಾರರು;
ದೊರೆಗಳಿಗೆ ಕಂದಾಯದ ಲೆಕ್ಕ ಹತ್ತದೆ
ಹೆಸರುಗಳ ಪುಸ್ತಕ ಮಾಡಿಸಿ, ಹಾಳೆ ಹರಿದು
ಊರೂರಿಗೆ ಹಂಚಿದರಂತೆ.
ಮುತ್ತಜ್ಜನ ಅಜ್ಜ ಸಾಲಲ್ಲಿ ನಿಂತು
ಬಲೆ ಹೆಗಲ ಮೇಲಿರುವಾಗಲೇ
ಕುಲುಮೆಯೊಂದನ್ನು ಮನೆಗೆ ಹೊತ್ತು ತಂದ.
ಅವನ ಹಳೆ ಹೆಸರು?
ಗೊತ್ತಿಲ್ಲ, ಅಂದಳು.
ನೀರು ಕೇಳಿ ಕುಡಿದಳು.

ಅಪ್ಪ ಈಗ ತಲೆ ಎತ್ತಿದ.
ಅವನಿಗೆ ಅಡ್ಡಹೆಸರಿಲ್ಲ. ಇದ್ದ 'ಆಚಾರಿ'ಯನ್ನು
ಉದ್ದವಾಯಿತೆಂದು ಶಾಲೆಯ ಮೇಷ್ಟ್ರು ಕತ್ತರಿಸಿದ್ದರು;
ಉಳಿದದ್ದು ಎಂ. ಎನ್. ಕಾಳಪ್ಪ,
ಊರಿಗೊಂದು ಚುಕ್ಕಿ, ತಾತನಿಗೊಂದು ಚುಕ್ಕಿ.
ಬ್ಯಾಂಕಿನ ಅರ್ಜಿಯಲ್ಲಿ ಅಡ್ಡಹೆಸರಿನ ಮನೆ ಖಾಲಿ ಬಿಟ್ಟು
ಮೂರು ಸಲ ಬೈಸಿಕೊಂಡು ಬಂದಿದ್ದ.

ಉಳಿ ಹಿಡಿದ. ಎಚ್ಚಿಗೆ ಎರಡು ಕಂಬ, ನಡುವೆ ಒಂದು ತೊಲೆ,
ತಿದಿ ಕಟ್ಟುವ ಚೌಕಟ್ಟಿನಂತೆಯೇ.
ಮಿಕ್ಕ ಆರಕ್ಕಿಂತ ಅದೊಂದಕ್ಕೇ ಹೆಚ್ಚು ಹೊತ್ತು ಹಿಡಿಯಿತು.

ಇನ್ನೂರ ಎಂಬತ್ತು. ಒಂದು ರೂಪಾಯಿ ಬಿಡಲಿಲ್ಲ.
ಅವಳು ಹೋದ ಮೇಲೆ
ಹಿತ್ತಾಳೆಯ ಪುಡಿ ಊದುತ್ತ, ಯಾರೂ ಕೇಳದಂತೆ,
ಎರ್ರೇರಾ, ಅಂದು ನೋಡಿದ.
ಅರ ಉಜ್ಜಿದ ಹಾಗಿತ್ತು.