ಹತ್ತುವಾಗ ಹತ್ತು

ಸೊನ್ನೆ ಅಂದರೆ ಏನೂ ಇಲ್ಲ,
ಹತ್ತು ಅಂದರೆ ತಡೆಯಲಾಗದು.
ನಡುವೆ ಒಂದು ಅಂಕಿ ಹೇಳಬೇಕು, ಅಷ್ಟೇ.
ಪ್ರಶ್ನೆ ಒಂದೇ, ದೇಶ ಎಂಟು:
ಕಳೆದ ಹನ್ನೆರಡು ತಿಂಗಳಲ್ಲಿ, ನೀವು ಮನೆಯಲ್ಲಿದ್ದಾಗ,
ವಿಮಾನದ ಸದ್ದು ನಿಮಗೆ ಎಷ್ಟು—

ಎಷ್ಟು ಏನು?
ಅಲ್ಲೊಂದು ಪದ ಬೇಕಿತ್ತು. ಅದಕ್ಕೇ ಕರೆದದ್ದು ನನ್ನನ್ನು,
ತೋರಣಗಲ್ಲಿನ ಹೈಸ್ಕೂಲಿನಲ್ಲಿ ಗಂಟೆಗಿಷ್ಟು ಅಂತ
ವ್ಯಾಕರಣ ಹೇಳುವ ಅತಿಥಿ ಶಿಕ್ಷಕಿಯನ್ನು.

ಸಂಜೆ ಆರಕ್ಕೆ ಮೊಬೈಲಿನಲ್ಲಿ ಮೂರು ಮುಖ.
ಹಾಲೆಂಡಿನ ಮಾರೆಕೆಗೆ ಮಧ್ಯಾಹ್ನ,
ಜಪಾನಿನ ಸಕುಮಾಗೆ ಹಲ್ಲುಜ್ಜಿ ಮಲಗುವ ಹೊತ್ತು,
ಬ್ರೆಜಿಲಿನ ತಾಯ್ಸ್ ಇನ್ನೂ ಬೆಳಗಿನ ಕಾಫಿಯಲ್ಲಿದ್ದಳು.
ನಿಮ್ಮಲ್ಲಿ ಏನಂತೀರಿ ಇದಕ್ಕೆ, ಅಂದೆ.
ಹಿಂದರ್, ಅಂದಳು ಮಾರೆಕೆ. ಹಿಂದಕ್ಕೆ ಜಗ್ಗುವುದು ಅಂದುಕೊಂಡೆ.
ಉರುಸಾಯ್, ಅಂದ ಸಕುಮಾ. ಉರಿದು ಸಾಯ್ ಅಂದಂತಾಯಿತು.
ಇಂಕೋಮೊದು, ಅಂದಳು ತಾಯ್ಸ್. ಮೋದ ಕೆಟ್ಟದ್ದು, ಸರಿಯೇ.
ಎಲ್ಲರ ಪದವೂ ನೆಂಟರ ಹಾಗೆ ಕೇಳಿಸಿ
ನಮ್ಮದು ಮಾತ್ರ ಬಾಯಿಗೆ ಬರಲಿಲ್ಲ.

ಕಿರಿಕಿರಿ ಕಳಿಸಿದೆ. ಮೂಲ ನೋಡದ ಧಾರವಾಡದ ಯಾರೋ
ಇಂಗ್ಲಿಷಿಗೆ ತಿರುಗಿಸಿದರು. ತುರಿಕೆಯಾಗಿ ವಾಪಸು ಬಂತು.
ಕಾಟ ಕಳಿಸಿದೆ. ದೆವ್ವವಾಗಿ ಬಂತು.
ಉಪದ್ರವ ಕಳಿಸಿದೆ. ಪಂಚಾಂಗದ ಪುಟದಿಂದ
ಈಗಷ್ಟೇ ಎದ್ದಂತೆ ಮಡಿಯುಟ್ಟು ಬಂತು.

ಸಂತೆಯಲ್ಲಿ ಕೊಪ್ಪಳದ ಕಡೆಯವನೊಬ್ಬ
ಉಳ್ಳಾಗಡ್ಡಿ ತೂಗುತ್ತಿದ್ದ. ನೆತ್ತಿಯ ಮೇಲೆ ಹೈದರಾಬಾದಿನದು ಹೋಯಿತು.
ನಾನು ಕೇಳಿದ್ದು ಅವನಿಗೆ ಕೇಳಲಿಲ್ಲ, ಅವನು ಹೇಳಿದ್ದು ನನಗೆ.
ಮುಳ್ಳು ನಡುಗಿ ನಿಂತ ಮೇಲೆ ಅಂದ:
'ಭಾಳ ತ್ರಾಸ ನೋಡ್ರಿ ಇದರದು.'
ಕೈಯಲ್ಲಿ ತ್ರಾಸು, ಬಾಯಲ್ಲಿ ತ್ರಾಸ!
ಚಿಲ್ಲರೆ ಇಸಿದುಕೊಳ್ಳದೆ ಮನೆಗೆ ಓಡಿದೆ.
ಮಾರೆಕೆ ಮೂರು ಸಲ ಉಚ್ಚರಿಸಿದಳು. ತ-ರಾ-ಸ. ಪಾಸಾಯಿತು.

ಆಮೇಲೆ ಮೈಕು ಬಂತು, ಎರ್ರೆಮ್ಮನ ಮಾಳಿಗೆಗೆ,
ಗಾಳಿಗೆ ಅಂತ ಕೂದಲಿನ ಟೋಪಿ ಹಾಕಿಕೊಂಡು.
ದರೋಜಿ ಕರಡಿಯ ಮರಿ, ಅಂದರು ಹುಡುಗರು.
ಎರಡೇ ದಿನಕ್ಕೆ ಅದಿರಿನ ಧೂಳು ಕುಡಿದು ಕೆಂಪಾಯಿತು.
ಅದು ರೈಲನ್ನೂ ಕೇಳಿತು, ಲಾರಿಯನ್ನೂ,
ರಾತ್ರಿಯಿಡೀ ಕಾರ್ಖಾನೆ ಗೊರಕೆ ಹೊಡೆಯುವುದನ್ನೂ.
ಅದರೊಳಗಿಂದ ವಿಮಾನವನ್ನಷ್ಟೇ ಜರಡಿ ಹಿಡಿಯುವವನು
ಒಸಾಕದಲ್ಲಿ ಕೂತ ಸಕುಮಾ.
ಎರ್ರೆಮ್ಮನ ಹುಂಜದ ಕೂಗು ಈಗ ಅವನಿಗೆ ಬಾಯಿಪಾಠ.

ಪಟ್ಟಿ ಹಿಡಿದು ಮನೆ ಮನೆ ಹೋದೆ.
ಶೇಕ್ಷಾವಲಿ, ಕ್ರೇನಿನ ರಾತ್ರಿ ಪಾಳಿಯವ, ಹಗಲುನಿದ್ದೆಯಿಂದ ಎದ್ದು ಬಂದು
'ಒಂಬತ್ತು' ಅಂದು ಬಾಗಿಲು ಹಾಕಿಕೊಂಡ.
ಅದರಲ್ಲಿ ನನ್ನ ಪಾಲೆಷ್ಟೋ.
ಗಾದಿಲಿಂಗ, ಗಣಿಯ ಡ್ರಿಲ್ಲಿಗೆ ಎರಡೂ ಕಿವಿ ಕೊಟ್ಟವನು,
'ಸೊನ್ನೆ ಬರ್ಕ' ಅಂದ. ಆಮೇಲೆ ನನ್ನ ಅಂಗೈಯನ್ನು
ನೀರಿನ ಹಂಡೆಗೆ ಒತ್ತಿಸಿದ.
ವಿಮಾನ ಹಂಡೆಯೊಳಗೇ ಇಳಿಯಿತು.
'ಇದಕ್ಕೇನು ಅಂಕಿ ಐತೆ?'
ಎರ್ರೆಮ್ಮ ಎಲೆಗೆ ಸುಣ್ಣ ಹಚ್ಚುತ್ತಾ
'ಹತ್ತುವಾಗ ಹತ್ತು, ಆರುವಾಗ ಆರು.'
ಒಂದೇ ಹೇಳಮ್ಮ, ಅಂದೆ. 'ಹೇಳಿದ್ನಲ್ಲ!'
ಆ ಸಾಲನ್ನು ಧಾರವಾಡದವರೂ ತಿರುಗಿಸಲಾರದೆ ಕೈಬಿಟ್ಟರು.

ಮಹಬೂಬಿ ಸಿಸ್ಟರು ಮಾತ್ರ ಅಂಕಿ ಹೇಳಲೇ ಇಲ್ಲ.
ಬಸುರಿಯ ಹೊಟ್ಟೆಗೆ ಪುಟ್ಟ ಕಹಳೆ ಊರಿ, ಕಿವಿಯಿಟ್ಟು,
ಕೈಗಡಿಯಾರ ನೋಡುತ್ತಾ ಎಣಿಸುತ್ತಿದ್ದಳು.
ಅರವತ್ತೆಂಟು, ಅರವತ್ತೊಂಬತ್ತು—
ಬಂತು ಅದು.
ತುಟಿ ನಿಂತಿತು. ಕಿವಿ ತೆಗೆಯಲಿಲ್ಲ.
ಸದ್ದು ಕುಡುತಿನಿ ದಾಟುವವರೆಗೆ ಬಾಗಿಯೇ ಕಾದು
ಮತ್ತೆ ಒಂದರಿಂದ.
ಬಸುರಿ ನನ್ನನ್ನೇ ನೋಡುತ್ತಿದ್ದಳು, ಅದನ್ನು ಓಡಿಸಿದವಳು ನಾನೇ ಎಂಬಂತೆ.

ಈಗ ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸದೆ
ಎಂಜಿನ್ನು ತಗ್ಗಿಸಿ, ಜಾರುಬಂಡೆಯಂತೆ ಜಾರಿಸಿ ನೋಡುತ್ತಾರಂತೆ,
ಇಲ್ಲೊಂದು ತಿಂಗಳು, ತಾಯ್ಸಳ ಊರಲ್ಲೊಂದು ತಿಂಗಳು.
ಮೂರು ಡೆಸಿಬೆಲ್ ಕಮ್ಮಿಯಾಗಬಹುದು.
ಆಗದೆಯೂ ಇರಬಹುದು.
ಮೂರು ಅಂದರೆ ಎಷ್ಟು, ಅಂದಳು ಮಹಬೂಬಿ.
ನಾನು ಸಕುಮಾನನ್ನು ಕೇಳಿದೆ, ಅವನು ಮಾರೆಕೆಯನ್ನು.
ಉತ್ತರ ಬರುವಷ್ಟರಲ್ಲಿ ಅವಳು
ನೂರಾ ನಲವತ್ತೆರಡು ಎಣಿಸಿ, ಕಾರ್ಡಿನಲ್ಲಿ ಬರೆದು,
ಮುಂದಿನವಳನ್ನು ಒಳಗೆ ಕರೆದಿದ್ದಳು.